ಪರರ ಎಂಜಿನ್ ಕೂರಿಸಿದ ಕಾರು ಹಳೆಯ ಕಾರಲ್ಲ

ಕೊಟ್ಟಿಗೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಾರುಗಳನ್ನು ಹೊರತೆಗೆದು ಮತ್ತೆ ಓಡಿಸುವ ಆಸಕ್ತಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ನೆಂಟರಿಷ್ಟರಲ್ಲಿಯೂ ಈಚೆಗೆ ಕಾಣುತ್ತಿದೆ. ಸಂತೋಷದ ಸಂಗತಿಯೇ. ಆದರೆ ಅದರ ಬೆನ್ನಿಗೇ ಒಂದು ಕೆಟ್ಟ ಪದ್ಧತಿಯೂ ಅಂಟಿಕೊಂಡು ಬಂದಿದೆ. ಕಾರಿನ ಸ್ವಂತ ಪೆಟ್ರೋಲ್ ಎಂಜಿನ್ನನ್ನು ಗುಜರಿಗೆ ಹಾಕಿ, ಬೇರೆ ಯಾವುದೋ ವಾಹನದಿಂದ ಬಿಚ್ಚಿದ ಡೀಸೆಲ್ ಎಂಜಿನ್ನನ್ನು ಅದರ ಜಾಗದಲ್ಲಿ ಕೂರಿಸಿ, ಮೇಲೆ ಹೊಸ ಬಣ್ಣ ಹೊಡೆಸಿ, ‘ಅಪ್ಪನ ಕಾಲದ ಕಾರನ್ನು ಉಳಿಸಿಕೊಂಡೆವು’ ಎಂದು ಹೇಳಿಕೊಳ್ಳುವ ಪದ್ಧತಿ ಅದು. ಇದು ಉಳಿಸುವುದಲ್ಲ, ಅಳಿಸುವುದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಗೌಡಗೆರೆಯ ಕಡೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಫೋನ್ ಮಾಡಿ, “ಸಾರ್, ನಮ್ಮಪ್ಪನ ಅಂಬಾಸಿಡರ್ ಕೆಲಸಕ್ಕೆ ಬಿಟ್ಟಿದೀನಿ. ಹಳೇ ಎಂಜಿನ್ ಬೇಡ, ಡೀಸೆಲ್ ಕೂರಿಸಿಕೊಡ್ತೀನಿ ಅಂತಾರೆ ಮೆಕ್ಯಾನಿಕ್ಕು. ಏನ್ ಮಾಡ್ಲಿ?” ಎಂದು ಕೇಳಿದ. ‘ಬೇಡ’ ಎಂದೆ. ಬೇಡವೆನ್ನಲು ಕಾರಣಗಳನ್ನು ಅವನಿಗೂ, ಅವನಂಥ ಇತರರಿಗೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಅಂಬಾಸಿಡರ್ ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಭಾರತೀಯ ರೂಪ. ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಅದಕ್ಕೆ ಲಾರಿಗಿರುವಂತೆ ಪ್ರತ್ಯೇಕವಾದ ಚಾಸಿಸ್ ಇಲ್ಲ. ಒಡಲೇ ಅದರ ಅಸ್ಥಿಪಂಜರ. ಎಂಜಿನ್ನಿನ ಭಾರವನ್ನು ಹೊರುವುದೂ ಈ ಒಡಲಿಗೆ ಸೇರಿದ ಭಾಗಗಳೇ. ಬೇರೆ ಎಂಜಿನ್ನಿನ ಕಾಲುಗಳು ಇದರ ಬ್ರಾಕೆಟ್ಟುಗಳಿಗೆ ಹೊಂದುವುದಿಲ್ಲ. ಆಗ ಗ್ಯಾಸ್ ಕಟಿಂಗ್ ಹೊರಬರುತ್ತದೆ. ಮೂಲ ಬ್ರಾಕೆಟ್ಟನ್ನು ಕತ್ತರಿಸಿ, ಕಬ್ಬಿಣದ ಪಟ್ಟಿಯೊಂದನ್ನು ಬೆಸೆದು, ಕಣ್ಣಳತೆಯಲ್ಲೇ ಎಂಜಿನ್ನನ್ನು ಇಳಿಸಲಾಗುತ್ತದೆ. ಎಂಜಿನ್ ಇಂದು ಹೋದರೂ ನಾಳೆ ಮತ್ತೆ ತಂದಾರು. ಆದರೆ ಕತ್ತರಿಸಿದ ಒಡಲು ಕಾರ್ಖಾನೆಯ ಅಳತೆಗೆ ಮರಳುವುದು ಬಹು ಕಷ್ಟ. ನನ್ನ ಮುಖ್ಯ ಆಕ್ಷೇಪಣೆ ಇದೇ.

ಎರಡನೆಯದು ಭೌತಶಾಸ್ತ್ರದ ಮಾತು. ಆ ಕಾಲದ ಪೆಟ್ರೋಲ್ ಎಂಜಿನ್ ತನ್ನೊಳಗಿನ ಮಿಶ್ರಣವನ್ನು ಸುಮಾರು ೭-೮ ಪಟ್ಟು ಒತ್ತುತ್ತದೆ. ಸಣ್ಣ ಡೀಸೆಲ್ ಎಂಜಿನ್ ಗಾಳಿಯನ್ನು ೨೦ ಪಟ್ಟಿಗೂ ಮಿಗಿಲಾಗಿ ಒತ್ತುತ್ತದೆ. ಅಷ್ಟನ್ನು ತಡೆಯಲು ಅದರ ಮೈ ದಪ್ಪವಾಗಿರಬೇಕು. ದಪ್ಪವಾದಷ್ಟೂ ತೂಕ, ಒತ್ತಡ ಹೆಚ್ಚಿದಷ್ಟೂ ನಡುಕ. ಪೆಟ್ರೋಲ್ ಎಂಜಿನ್ನಿಗೆಂದು ಲೆಕ್ಕ ಹಾಕಿದ ಮುಂದಿನ ಟಾರ್ಷನ್ ಬಾರುಗಳು ಆ ತೂಕಕ್ಕೆ ತಗ್ಗುತ್ತವೆ. ನಡುಕಕ್ಕೆ ಬೆಸುಗೆ ಬಿರಿಯುತ್ತದೆ. ಕಂಪನಿಯೇ ಮುಂದೆ ಡೀಸೆಲ್ ಅಂಬಾಸಿಡರನ್ನು ಮಾರಲಿಲ್ಲವೇ ಎಂದು ಕೇಳಬಹುದು. ಮಾರಿತು. ಆದರೆ ಅದು ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಮಾಡಿದ ಕಾರು. ಅಂಥ ಕಾರಿಗೆ ಆ ಡೀಸೆಲ್ ಎಂಜಿನ್ನೇ ಸ್ವಂತದ್ದು. ಅದರಲ್ಲಿ ಅದನ್ನೇ ಉಳಿಸಬೇಕು.

ಸ್ವಂತ ಎಂಜಿನ್ನಾದರೂ ಅದನ್ನು ಕೂರಿಸುವುದಕ್ಕೆ ಒಂದು ಕ್ರಮವಿದೆ. ಚೈನ್ ಬ್ಲಾಕಿನಿಂದ ಎಂಜಿನ್ನನ್ನು ಎತ್ತುವ ಮೊದಲೇ ಕ್ಲಚ್ ಪ್ಲೇಟನ್ನು ಹಳೆಯ ಗೇರ್‌ಬಾಕ್ಸ್ ಶಾಫ್ಟಿನಿಂದ ಮಧ್ಯಕ್ಕೆ ತಂದು ಬಿಗಿಯಬೇಕು. ಎಂಜಿನ್ನೂ ಗೇರ್‌ಬಾಕ್ಸೂ ತಾವಾಗಿ ಒಂದಕ್ಕೊಂದು ಕೂಡಿಕೊಳ್ಳಬೇಕೇ ಹೊರತು ಬೋಲ್ಟ್ ಬಿಗಿದು ಎಳೆಯಬಾರದು. ಗೇರ್‌ಬಾಕ್ಸಿನ ಭಾರ ಕ್ಲಚ್ ಪ್ಲೇಟಿನ ಮೇಲೆ ಜೋತುಬಿದ್ದರೆ ಪ್ಲೇಟು ಸೊಟ್ಟಗಾಗುತ್ತದೆ. ಮೌಂಟಿಂಗ್ ರಬ್ಬರುಗಳು ಹೊಸವಿರಲಿ. ಎಣ್ಣೆ ಕುಡಿದು ಮೆತ್ತಗಾದ ರಬ್ಬರು ಭಾರಕ್ಕೆ ಕುಸಿಯುತ್ತದೆ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲಿ ತಿರುಗಿಸಿ, ಪೂರ್ಣ ಭಾರ ರಬ್ಬರಿನ ಮೇಲೆ ಇಳಿದ ನಂತರವಷ್ಟೇ ಪಾನಾ ಹಾಕಬೇಕು. ಕೊನೆಯದಾಗಿ ಎಂಜಿನ್ನಿನಿಂದ ಒಡಲಿಗೆ ಅರ್ಥ್ ಪಟ್ಟಿಯನ್ನು ಕಟ್ಟಬೇಕು. ರಬ್ಬರಿನ ಮೇಲೆ ಕುಳಿತ ಎಂಜಿನ್ನಿಗೆ ವಿದ್ಯುತ್ತು ಹರಿಯಲು ಬೇರೆ ಸರಿಯಾದ ದಾರಿಯಿಲ್ಲ. ಅದನ್ನು ಮರೆತರೆ ಸ್ಟಾರ್ಟರಿನ ಕರೆಂಟು ಚೋಕ್ ಕೇಬಲ್ಲಿನ ಮೂಲಕ ದಾರಿ ಹುಡುಕಿ ಅದನ್ನು ಕೆಂಪಗೆ ಕಾಯಿಸುತ್ತದೆ. ಇದೆಲ್ಲ ತಾಳ್ಮೆಯ ಕೆಲಸ. ‘ಡೀಸೆಲ್ ಹಾಕಿಸಿಬಿಡಿ’ ಎನ್ನುವವರಲ್ಲಿ ಹಲವರು ತಪ್ಪಿಸಿಕೊಳ್ಳುವುದು ಈ ತಾಳ್ಮೆಯಿಂದ.

ಇನ್ನು ಅವರ ವಾದಗಳು. ಮೊದಲನೆಯದು ಖರ್ಚು. ಟ್ಯಾಕ್ಸಿ ಓಡಿಸಿ ಹೊಟ್ಟೆ ಹೊರೆಯುತ್ತಿದ್ದವರು, ಡೀಸೆಲ್ಲಿಗೆ ಸರ್ಕಾರ ಸಹಾಯಧನ ಕೊಡುತ್ತಿದ್ದ ಕಾಲದಲ್ಲಿ, ಎಂಜಿನ್ ಬದಲಿಸಿದ್ದನ್ನು ನಾನು ತಪ್ಪೆನ್ನಲಾರೆ. ಅದು ಅನ್ನದ ಪ್ರಶ್ನೆ. ಆದರೆ ಡೀಸೆಲ್ ಬೆಲೆಯ ನಿಯಂತ್ರಣ ೨೦೧೪ರಲ್ಲೇ ಹೋಯಿತು. ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಹೊರಡುವ ಕಾರಿನಲ್ಲಿ ಎಷ್ಟು ಉಳಿತಾಯವಾದೀತು? ಎರಡನೆಯದು, ಬಿಡಿಭಾಗ ಸಿಗದು ಎಂಬುದು. ಲಕ್ಷಾಂತರ ಸಂಖ್ಯೆಯಲ್ಲಿ ತಯಾರಾದ ಕಾರಿದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆಯದೆ ‘ಸಿಗದು’ ಎನ್ನಬಾರದು. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಬಹುದು. ಅದೂ ಮೀರಿದರೆ ಸ್ಲೀವ್ ಕೂರಿಸಬಹುದು. ಮೂರನೆಯದು, ‘ನನ್ನ ಕಾರು, ನನ್ನ ಇಷ್ಟ’. ಇದಕ್ಕೆ ಕಾನೂನೇ ಉತ್ತರ ಕೊಡುತ್ತದೆ. ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆಯೂ ಇಂಧನದ ಬಗೆಯೂ ದಾಖಲಾಗಿರುತ್ತವೆ. ಅವನ್ನು ಮನಬಂದಂತೆ ಬದಲಿಸಲು ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮು ಬಿಡುವುದಿಲ್ಲ.

೨೦೨೧ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ಹೊಸ ನಿಯಮ ತಂದಿತು. ಮೊದಲ ನೋಂದಣಿಯಾಗಿ ೫೦ ವರ್ಷ ಮೀರಿದ, ಸ್ವಂತ ಬಳಕೆಯ ಕಾರುಗಳಿಗೆ ‘ವಿಎ’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ ಶುಲ್ಕ ೨೦,೦೦೦ ರೂಪಾಯಿ, ಅವಧಿ ೧೦ ವರ್ಷ. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕೆಲಸಗಳಿಗೆ ಮಾತ್ರ. ಮುಖ್ಯವಾದ ಷರತ್ತೆಂದರೆ ಕಾರು ಮೂಲರೂಪದಲ್ಲಿರಬೇಕು. ಚಾಸಿಸ್, ಒಡಲು, ಎಂಜಿನ್ನುಗಳಲ್ಲಿ ಮಾರ್ಪಾಡು ಆಗಿರಕೂಡದು. ೧೯೭೦ಕ್ಕೆ ಮೊದಲು ನೋಂದಣಿಯಾದ ಕಾರುಗಳೆಲ್ಲ ಈ ವಯಸ್ಸನ್ನು ದಾಟಿವೆ. ಇಂದು ಗ್ಯಾಸ್ ಕಟಿಂಗಿಗೆ ಒಪ್ಪಿಗೆ ಕೊಟ್ಟವರು ಈ ಮಾನ್ಯತೆಯನ್ನೂ ತಮ್ಮ ಕೈಯಾರೆ ಕತ್ತರಿಸಿಕೊಂಡಂತೆಯೇ.

ಮಧುಗಿರಿ ಕೋಟೆಯ ಹೆಬ್ಬಾಗಿಲಿಗೆ ಅನುಕೂಲವೆಂದು ಯಾರಾದರೂ ರೋಲಿಂಗ್ ಶಟರ್ ಹಾಕಿಸಿದರೆ ನಾವು ಸುಮ್ಮನಿರುತ್ತೇವೆಯೇ? ಶಿರಾದ ಮಲಿಕ್ ರಿಹಾನ್ ಗೋರಿಯ ಕಲ್ಲುಗಂಬ ತೆಗೆದು ಕಾಂಕ್ರೀಟ್ ಕಂಬ ನಿಲ್ಲಿಸಿದರೆ ಒಪ್ಪುತ್ತೇವೆಯೇ? ಕಾರು ಅಷ್ಟು ಹಳೆಯದಲ್ಲ, ನಿಜ. ಆದರೆ ನಮ್ಮ ಹಿರಿಯರು ಕೂಡಿಟ್ಟ ಹಣದಲ್ಲಿ, ವರ್ಷಗಟ್ಟಲೆ ಸರದಿ ಕಾದು ಕೊಂಡ ವಸ್ತು ಅದು.

ಆದ್ದರಿಂದ ನನ್ನ ಮಾತು ಇಷ್ಟು. ಈಗ ಹಣವಿಲ್ಲದಿದ್ದರೆ ಕಾರು ಇನ್ನೆರಡು ವರ್ಷ ಕೊಟ್ಟಿಗೆಯಲ್ಲೇ ಇರಲಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಆಗಾಗ ಕೈಯಿಂದ ತಿರುಗಿಸುತ್ತಿರಿ, ಹಿಡಿದುಕೊಳ್ಳುವುದಿಲ್ಲ. ಎಂಜಿನ್ ಸಂಖ್ಯೆಯನ್ನು ಆರ್.ಸಿ. ಪುಸ್ತಕದೊಡನೆ ಹೋಲಿಸಿ ನೋಡಿ. ಎರಡೂ ಒಂದೇ ಆಗಿದ್ದರೆ, ಆ ಎಂಜಿನ್ನನ್ನು ಗುಜರಿಯವನ ಕೈಗೆ ಕೊಡುವ ಮೊದಲು ದಯವಿಟ್ಟು ನನಗೊಂದು ಫೋನ್ ಮಾಡಿ.