ರಾಡೋ, ಪ್ಲೇಟೋ, ಬಾಲೋ?

ಎಂಬತ್ತರ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆಯ ಮೇಲ್ತುದಿ ಮುರಿದುಕೊಂಡರೆ, ಮನೆಮಂದಿ ಡಾಕ್ಟರನ್ನು ಕೇಳುವ ಮೊದಲ ಪ್ರಶ್ನೆ ‘ರಾಡೋ, ಪ್ಲೇಟೋ, ಬಾಲೋ?’ ಎರಡನೆಯದು, ‘ಇಂಪೋರ್ಟೆಡ್ ಹಾಕ್ತೀರಾ?’ ಇವೆರಡಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ: ಮುರಿದಿರುವುದು ಸರಿಯಾಗಿ ಎಲ್ಲಿ? ಈ ಒಂದೇ ಆಪರೇಷನ್ನಿಗೆ ಎಲ್ಲ ಮುಗಿಯುತ್ತದೆಯೇ?

ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ಮುಖ್ಯವಾಗಿ ಅದರ ಕುತ್ತಿಗೆಯನ್ನು ಅಪ್ಪಿಕೊಂಡು ಮೇಲೇರುವ ಸಣ್ಣ ನಾಳಗಳಿಂದ. ಕುತ್ತಿಗೆ ಮುರಿದು ಜಾಗ ತಪ್ಪಿದರೆ ಆ ನಾಳಗಳೂ ಹರಿಯುತ್ತವೆ. ಆಮೇಲೆ ಎಷ್ಟು ಚೆನ್ನಾಗಿ ಸ್ಕ್ರೂ ಬಿಗಿದರೂ ಮೂಳೆ ಕೂಡದೆ ಉಳಿಯಬಹುದು. ಕೂಡಿದರೂ ವರ್ಷದೊಳಗೋ ಆಮೇಲೋ ತಲೆಯ ಭಾಗ ಸತ್ತು ಕುಸಿಯಬಹುದು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫೇತ್ ಅಧ್ಯಯನ ಭಾರತವೂ ಸೇರಿ ಎಂಟು ದೇಶಗಳಲ್ಲಿ, 50 ದಾಟಿದ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆಯಿತು. ಬರೀ ಸ್ಕ್ರೂ ಹಾಕಿಸಿಕೊಂಡವರಲ್ಲೂ ಜಾರುಸ್ಕ್ರೂ ಇರುವ ಪ್ಲೇಟು ಹಾಕಿಸಿಕೊಂಡವರಲ್ಲೂ ಎರಡು ವರ್ಷದೊಳಗೆ ಐವರಲ್ಲಿ ಒಬ್ಬರಂತೆ ಮತ್ತೆ ಆಪರೇಷನ್ ಟೇಬಲ್ಲಿಗೆ ಬಂದರು. ಲೋಹ ಬದಲಾಯಿಸಿದ ಮಾತ್ರಕ್ಕೆ ಹರಿದ ನಾಳ ಕೂಡುವುದಿಲ್ಲವಲ್ಲ.

ಹಾಗಾಗಿ ಎಪ್ಪತ್ತು ದಾಟಿದವರ ಕುತ್ತಿಗೆ ಮುರಿದು ಜಾಗ ತಪ್ಪಿದ್ದರೆ, ‘ಅವರ ಮೂಳೆಯೇ ಉಳಿಯಲಿ ಡಾಕ್ಟ್ರೇ, ಎರಡು ಸ್ಕ್ರೂ ಹಾಕಿಬಿಡಿ’ ಎಂದು ದಯವಿಟ್ಟು ಹಟ ಹಿಡಿಯಬೇಡಿ. ಸ್ಕ್ರೂ ಹಾಕಲು ಸಾಕಾಗುವುದು ಸಣ್ಣ ಗಾಯ, ಹೋಗುವ ರಕ್ತವೂ ಕಡಿಮೆ, ನಿಜ. ಆದರೆ ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಮಾರ್ಟಿನ್ ಪಾರ್ಕರ್ ತಂಡ ಇಂಥ 455 ಹಿರಿಯರನ್ನು ಹೋಲಿಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ನೋಡಿ: ಮೂಳೆಯ ತಲೆ ತೆಗೆದು ಕೃತಕ ಬಾಲ್ ಹಾಕಿಸಿಕೊಂಡವರಲ್ಲಿ ಮತ್ತೆ ಆಪರೇಷನ್ ಬೇಕಾದದ್ದು ಶೇ 5ರಷ್ಟು ಮಂದಿಗೆ, ಸ್ಕ್ರೂ ಹಾಕಿಸಿಕೊಂಡವರಲ್ಲಿ ಶೇ 40ರಷ್ಟು ಮಂದಿಗೆ. ಎಂಬತ್ತರ ಜೀವಕ್ಕೆ ಎರಡನೇ ಸಲ ಅರಿವಳಿಕೆ ಕೊಡಿಸುವುದು ಸಣ್ಣ ಮಾತಲ್ಲ. ಬಿರುಕು ಬಿಟ್ಟರೂ ಜಾಗ ತಪ್ಪದ ಮೂಳೆಗೆ ಸ್ಕ್ರೂ ಸರಿಯೇ. ಆ ಮಾತು ಬೇರೆ.

ಬಾಲ್ ಹಾಕಿಸುವಾಗ ಅದು ಕೂರುವ ಸೊಂಟದ ಬಟ್ಟಲನ್ನೂ ಬದಲಿಸಬೇಕೇ? ಮನೆಯೊಳಗಷ್ಟೇ ಓಡಾಡುವ ಅಜ್ಜಿಗೆ ಅರ್ಧ ಬದಲಾವಣೆಯೇ ಸಾಕು. ಅದನ್ನು ಸಿಮೆಂಟ್ ಹಾಕಿ ಕೂರಿಸಿದರೆ ಒಳ್ಳೆಯದು. ಬ್ರಿಟನ್ನಿನಲ್ಲಿ 1225 ಹಿರಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಸಿಮೆಂಟಿಲ್ಲದೆ ಕೂರಿಸಿದವರಲ್ಲಿ ಶೇ 2.1 ಮಂದಿಗೆ ಬಾಲಿನ ಸುತ್ತಲ ಮೂಳೆ ಮತ್ತೆ ಮುರಿಯಿತು. ಸಿಮೆಂಟ್ ಹಾಕಿದವರಲ್ಲಿ ಅದು ಶೇ 0.5. ಸಿಮೆಂಟ್ ತುಂಬುವ ಗಳಿಗೆಯಲ್ಲಿ ರಕ್ತದೊತ್ತಡ ಕುಸಿಯುವ ಭಯ ಇದ್ದೇ ಇದೆ. ಅರಿವಳಿಕೆ ತಜ್ಞರು ಮೈಯೆಲ್ಲ ಕಣ್ಣಾಗಿರಬೇಕು.

ಕುತ್ತಿಗೆಯಿಂದ ಎರಡು ಬೆರಳು ಕೆಳಗೆ ಮುರಿದರೆ ಕಥೆಯೇ ಬೇರೆ. ಅಲ್ಲಿ ರಕ್ತಕ್ಕೆ ಬರವಿಲ್ಲ, ಮೂಳೆ ಕೂಡುತ್ತದೆ. ಕೂಡುವವರೆಗೆ ಬಿಗಿಯಾಗಿ ಹಿಡಿದಿಡಬೇಕು, ಅಷ್ಟೇ. ಇಲ್ಲೇ ಮೂಳೆಯೊಳಗೆ ತೂರಿಸುವ ರಾಡಿನ ಮೋಹ ನಮ್ಮನ್ನು ಹಿಡಿದಿರುವುದು. ಮುರಿತ ಓರೆಯಾಗಿ ಹೊರಗೋಡೆಯನ್ನೇ ಸೀಳಿದ್ದರೆ ಅಥವಾ ಇನ್ನೂ ಕೆಳಗೆ ಇಳಿದಿದ್ದರೆ ರಾಡೇ ಬೇಕು. ಸಾಧಾರಣ ಮುರಿತಕ್ಕೆ ಡಿಎಚ್‌ಎಸ್ ಎಂಬ ಹಳೆಯ ಜಾರುಸ್ಕ್ರೂ ಪ್ಲೇಟೇ ಸಾಕೆಂದು ಚಿಕಿತ್ಸಾ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ‘ನೈಸ್’ ಸಂಸ್ಥೆ 2011ರಲ್ಲೇ ಹೇಳಿದೆ. ರಾಡಿಗೆ ಹೆಚ್ಚು ತೆತ್ತರೂ ಅಜ್ಜಿ ಹೆಚ್ಚು ನಡೆಯುತ್ತಾರೆಂದೇನೂ ಇಲ್ಲ.

ಹೆಚ್ಚು ನಿರ್ಣಾಯಕವಾದದ್ದು ಸರ್ಜನ್ನರ ಕೈಯಲ್ಲಿದೆ. ಥಿಯೇಟರಿನಲ್ಲಿ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಪರದೆಯ ಮೇಲೆ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ಬರುತ್ತದೆ. ಎರಡರಲ್ಲೂ ಸ್ಕ್ರೂವಿನ ತುದಿಯಿಂದ ತಲೆಯ ನೆತ್ತಿಗೆ ಎಷ್ಟು ದೂರ ಎಂದು ಅಳೆದು ಕೂಡುತ್ತಾರೆ. 1995ರಲ್ಲಿ ಅಮೆರಿಕದ ಬಾಮ್‌ಗಾರ್ಟ್ನರ್ ಮತ್ತು ಸಂಗಡಿಗರು 198 ಮುರಿತಗಳನ್ನು ಹೀಗೆ ಅಳೆದು ನೋಡಿದರು. ಮೊತ್ತ 25 ಮಿಲಿಮೀಟರಿನೊಳಗೆ ಇದ್ದ ಒಬ್ಬರಲ್ಲೂ ಸ್ಕ್ರೂ ಮೂಳೆ ಕೊರೆದು ಹೊರಬಂದಿರಲಿಲ್ಲ. ಟೊಳ್ಳಾದ ಮೂಳೆಯಲ್ಲಿ ಕೆಲವು ಮಿಲಿಮೀಟರು ಆಚೀಚೆಯಾದರೆ ಯಾವ ದೇಶದ ಲೋಹವೂ ಕಾಪಾಡದು.

ಇನ್ನು ನಮ್ಮಲ್ಲಿ ಕಳೆದುಹೋಗುವ ದಿನಗಳು. ನಾಟಿ ಕಟ್ಟಿಗೆ ನಾಲ್ಕು ದಿನ, ಕಾಲಿಗೆ ತೂಕ ಕಟ್ಟಿಕೊಂಡು ವಾರ್ಡಿನಲ್ಲಿ ಮೂರು ದಿನ, ಫಿಟ್‌ನೆಸ್ಸಿಗೆ, ಆರೋಗ್ಯ ಕಾರ್ಡಿನ ಮಂಜೂರಾತಿಗೆ ಮತ್ತೆರಡು ದಿನ. ಅಷ್ಟರಲ್ಲಿ ಬೆನ್ನಿನಲ್ಲಿ ಹುಣ್ಣು, ಎದೆಯಲ್ಲಿ ಕಫ, ಮಾತು ತಡವರಿಕೆ. ಅದೇ ‘ನೈಸ್’ ಕೊಡುವ ಗಡುವು: ದಾಖಲಾದ ದಿನವೇ ಅಥವಾ ಮರುದಿನ ಆಪರೇಷನ್. ಅದಾದ ಮರುದಿನ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಬೇಕು.

ಬ್ರಿಟನ್ನಿನಲ್ಲಿ 2007ರಿಂದ ಈ ರೋಗಿಗಳ ರಾಷ್ಟ್ರೀಯ ದಾಖಲೆ ಇದೆ. ಯಾವ ಆಸ್ಪತ್ರೆ ಎಲ್ಲಿ ನಿಂತಿದೆ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ, ಒಂದು ರಿಜಿಸ್ಟರ್ ಸಾಕು: ಎಷ್ಟು ಗಂಟೆಗೆ ಥಿಯೇಟರಿಗೆ ಒಯ್ದರು, ಏನು ಹಾಕಿದರು, ಮರುದಿನ ಎದ್ದು ನಿಂತರೇ, ವರ್ಷದೊಳಗೆ ಮತ್ತೆ ಆಪರೇಷನ್ನಿಗೆ ಬಂದರೇ. ಆರೋಗ್ಯ ಇಲಾಖೆ ಈ ನಾಲ್ಕು ಕಾಲಮ್ಮುಗಳನ್ನು ಕಡ್ಡಾಯ ಮಾಡಿ, ಫಲಿತಾಂಶವನ್ನು ವರ್ಷಕ್ಕೊಮ್ಮೆ ಜನರ ಮುಂದಿಡಲಿ.