ಹಾಸಿಗೆಯ ಪಕ್ಕದ ಉಸಿರಿನ ಯಂತ್ರದಲ್ಲಿ ನೀರು ಸೋರದಿರಲಿ



ಗೊರಕೆಯನ್ನು ಗಾಢನಿದ್ರೆಯ ಗುರುತೆಂದು ನಮ್ಮ ಮನೆಗಳಲ್ಲಿ ಬಹುಕಾಲ ಭಾವಿಸಲಾಗಿತ್ತು. ದುಡಿದು ಬಂದ ಯಜಮಾನರು ಹಾಸಿಗೆ ಸೇರಿದೊಡನೆ ಗೊರಕೆ ಹೊಡೆದರೆ ಮನೆಮಂದಿ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಎಲ್ಲ ಗೊರಕೆಯೂ ಸುಖನಿದ್ರೆಯದಲ್ಲ. ಕೆಲವರಲ್ಲಿ ನಿದ್ರೆಯ ನಡುವೆ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿಯೇ ಮುಚ್ಚಿಕೊಳ್ಳುತ್ತದೆ. ಕೆಲವು ಕ್ಷಣ ಉಸಿರು ನಿಂತು, ಏದುಸಿರಿನೊಡನೆ ಮತ್ತೆ ಆರಂಭವಾಗುತ್ತದೆ. ಇದು ಒಂದೇ ರಾತ್ರಿಯಲ್ಲಿ ಹಲವಾರು ಬಾರಿ ನಡೆಯುವುದುಂಟು. ವೈದ್ಯರು ಇದನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಜಗತ್ತಿನಲ್ಲಿ 30ರಿಂದ 69 ವರ್ಷ ವಯಸ್ಸಿನ ಸುಮಾರು 93 ಕೋಟಿ ಜನರಿಗೆ ಈ ತೊಂದರೆ ಇದೆಯೆಂದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅಂದಾಜು ಮಾಡಿತು.

ಇದಕ್ಕೆ ಇಂದು ಹೆಚ್ಚಾಗಿ ನೀಡಲಾಗುವ ಚಿಕಿತ್ಸೆ ಸಿ-ಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಅವರ ಸಂಗಡಿಗರು 1981ರಲ್ಲಿ ಈ ವಿಧಾನವನ್ನು ವೈದ್ಯಲೋಕದ ಮುಂದಿಟ್ಟರು. ಮೂಗಿಗೆ ತೊಡಿಸಿದ ಮಾಸ್ಕಿನ ಮೂಲಕ ಹಿತವಾದ ಒತ್ತಡದಲ್ಲಿ ಗಾಳಿಯನ್ನು ಒದಗಿಸಿ, ಗಂಟಲಿನ ದಾರಿ ಮುಚ್ಚಿಕೊಳ್ಳದಂತೆ ತಡೆಯುವುದೇ ಇದರ ತತ್ತ್ವ. ಅಂದು ಪ್ರಯೋಗಶಾಲೆಯ ಸಾಧನವಾಗಿದ್ದುದು ಇಂದು ಮೈಸೂರಿನ ಕುವೆಂಪುನಗರ, ಸರಸ್ವತಿಪುರಗಳ ಮನೆಗಳ ಮಲಗುವ ಕೋಣೆಗೂ ಬಂದಿದೆ.

ರಾತ್ರಿಯೆಲ್ಲ ಬೀಸುವ ಗಾಳಿಯಿಂದ ಮೂಗು, ಗಂಟಲು ಒಣಗಬಾರದೆಂದು ಈ ಯಂತ್ರಕ್ಕೆ ಹ್ಯುಮಿಡಿಫೈಯರ್ ಎಂಬ ನೀರಿನ ಡಬ್ಬಿಯನ್ನು ಜೋಡಿಸಿರುತ್ತಾರೆ. ಡಬ್ಬಿಯ ತಳದ ಲೋಹದ ಫಲಕ ಬಿಸಿಯಾಗಿ, ನೀರು ಆವಿಯಾಗಿ ಗಾಳಿಯೊಡನೆ ಬೆರೆಯುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ. ಬೆಳಿಗ್ಗೆ ಎದ್ದು ನೋಡಿದರೆ ಮೇಜಿನ ಮೇಲೆ ನೀರು. ಇಲ್ಲವೆ ನಡುರಾತ್ರಿ ಮೂಗಿನ ಮೇಲೆ ತಣ್ಣನೆಯ ಹನಿ. "ಇಷ್ಟು ಹಣ ಕೊಟ್ಟು ತಂದ ಯಂತ್ರ ಸೋರುತ್ತಿದೆ, ಇದರ ಸಹವಾಸವೇ ಬೇಡ" ಎಂದು ಹಿರಿಯರು ಅದನ್ನು ಅಟ್ಟಕ್ಕೆ ಏರಿಸಿಬಿಡುತ್ತಾರೆ. ಚಿಕಿತ್ಸೆ ನಿಂತರೆ ಉಸಿರು ಕಟ್ಟುವುದು ಮರಳುತ್ತದೆ. ಅದರೊಡನೆ ಹಗಲಿನ ತೂಕಡಿಕೆ, ರಕ್ತದೊತ್ತಡದ ಏರಿಕೆ, ಹೃದಯದ ಮೇಲಿನ ಹೊರೆಯೂ ಮರಳುತ್ತವೆ. ಬೆಂಗಳೂರು ಹೆದ್ದಾರಿಯಲ್ಲಿ ವಾಹನ ನಡೆಸುವವರಿಗೆ ಆ ತೂಕಡಿಕೆ ಪ್ರಾಣಾಂತಿಕವೂ ಆಗಬಹುದು. ಆದ್ದರಿಂದ ಯಂತ್ರವನ್ನು ದೂರುವ ಮೊದಲು ನೀರು ಎಲ್ಲಿಂದ ಬಂತೆಂಬುದನ್ನು ನೋಡಬೇಕೆಂದು ನಾವು ಓದುಗರಲ್ಲಿ ವಿನಂತಿಸುತ್ತೇವೆ. ಅನೇಕ ಸಂದರ್ಭಗಳಲ್ಲಿ ಪರಿಹಾರ ಮನೆಯವರ ಕೈಯಲ್ಲಿಯೇ ಇರುತ್ತದೆ.

ನೀರು ಮಾಸ್ಕಿನಲ್ಲಿ ಅಥವಾ ಕೊಳವೆಯಲ್ಲಿ ಕಂಡರೆ ಅದು ಸಾಮಾನ್ಯವಾಗಿ ಸೋರಿಕೆಯಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಒಳಭಾಗದಲ್ಲಿ ಹನಿಗಟ್ಟಿರುವುದನ್ನು ನಮ್ಮ ತಾಯಂದಿರು ದಿನವೂ ಕಾಣುತ್ತಾರೆ. ಇಲ್ಲಿ ನಡೆಯುವುದೂ ಅದೇ. ಬೆಚ್ಚಗಿನ ತೇವದ ಗಾಳಿ ತಣ್ಣನೆಯ ಕೊಳವೆಯಲ್ಲಿ ಸಾಗುವಾಗ ಆವಿಯು ಮತ್ತೆ ನೀರಾಗುತ್ತದೆ. ಧನುರ್ಮಾಸದ ಬೆಳಗಿನ ಜಾವ ಮೈಸೂರಿನ ಕೋಣೆಗಳು ತಣ್ಣಗಾದಾಗ ಇದು ಹೆಚ್ಚು. ಫ್ಯಾನಿನ ನೇರ ಕೆಳಗೆ ಅಥವಾ ತೆರೆದ ಕಿಟಕಿಯ ಬದಿಯಲ್ಲಿ ಕೊಳವೆ ಹಾದುಹೋಗಿದ್ದರಂತೂ ಹೇಳಬೇಕಾದುದೇ ಇಲ್ಲ.

ಇದಕ್ಕೆ ಮೊದಲ ಉಪಾಯವೆಂದರೆ ತೇವಾಂಶದ ಅಂಕಿಯನ್ನು ಒಂದು ಹಂತ ಇಳಿಸಿ ಎರಡು ರಾತ್ರಿ ನೋಡುವುದು. ಗಾಳಿಯ ಒತ್ತಡದ ಅಂಕಿಯನ್ನು ಮಾತ್ರ ವೈದ್ಯರ ಅಪ್ಪಣೆಯಿಲ್ಲದೆ ಮುಟ್ಟಕೂಡದು. ತೇವಾಂಶವೇ ಬೇರೆ, ಒತ್ತಡವೇ ಬೇರೆ. ಎರಡನೆಯದಾಗಿ, ಕೊಳವೆಗೆ ಬಟ್ಟೆಯ ಹೊದಿಕೆ ಹಾಕಬಹುದು. ಅಂಗಡಿಯಲ್ಲಿ ದೊರೆಯದಿದ್ದರೆ ಹಳೆಯ ಉಣ್ಣೆಯ ಮಫ್ಲರನ್ನು ಉದ್ದಕ್ಕೆ ಹೊಲಿದರೂ ಆದೀತು. ಆದರೆ ಮಾಸ್ಕಿನ ಮೇಲಿರುವ ಸಣ್ಣ ರಂಧ್ರಗಳನ್ನಾಗಲಿ ಯಂತ್ರವನ್ನಾಗಲಿ ಮುಚ್ಚಬಾರದು. ನಾವು ಬಿಟ್ಟ ಉಸಿರು ಹೊರಹೋಗುವುದು ಆ ರಂಧ್ರಗಳಿಂದಲೇ. ಮೂರನೆಯದು, ಯಂತ್ರವನ್ನು ತಲೆಯ ಮಟ್ಟಕ್ಕಿಂತ ಕೆಳಗೆ ಇಡುವುದು. ಹಾಗಿದ್ದರೆ ಕೊಳವೆಯಲ್ಲಿ ಕಟ್ಟಿದ ನೀರು ಮುಖದ ಕಡೆಗೆ ಬಾರದೆ ಡಬ್ಬಿಯತ್ತ ಹಿಂದಿರುಗುತ್ತದೆ. ಆದರೆ ನೆಲದ ಮೇಲೆಯೇ ಇಟ್ಟರೆ ಧೂಳು ಸೇರುತ್ತದೆ, ಕಾಲೂ ತಾಗುತ್ತದೆ. ಗಿಡ್ಡನೆಯ ಗಟ್ಟಿ ಸ್ಟೂಲು ಉತ್ತಮ. ಇಷ್ಟಾದರೂ ಹನಿ ನಿಲ್ಲದಿದ್ದರೆ ಬಿಸಿ ತಂತಿಯಿರುವ ಕೊಳವೆ ತಮ್ಮ ಯಂತ್ರಕ್ಕೆ ಹೊಂದುವುದೇ ಎಂದು ಮಾರಾಟಗಾರರನ್ನು ವಿಚಾರಿಸಬೇಕು.

ನೀರು ಯಂತ್ರದ ಅಡಿಯಲ್ಲಿ ಅಥವಾ ಮೇಜಿನ ಮೇಲೆ ಕಂಡರೆ ಡಬ್ಬಿಯನ್ನು ಸಂಶಯಿಸಬೇಕು. ಪರೀಕ್ಷೆ ಬಹು ಸುಲಭ. ಡಬ್ಬಿಯನ್ನು ಯಂತ್ರದಿಂದ ಬೇರ್ಪಡಿಸಿ, ಗುರುತಿನ ಗೆರೆಯವರೆಗೆ ನೀರು ತುಂಬಿ, ಹೊರಮೈಯನ್ನು ಚೆನ್ನಾಗಿ ಒರೆಸಿ, ಒಣಗಿದ ವೃತ್ತಪತ್ರಿಕೆಯ ಮೇಲೆ ಒಂದು ಗಂಟೆ ಇಡಿ. ಕಾಗದ ಒದ್ದೆಯಾದರೆ ಡಬ್ಬಿಯಲ್ಲಿ ಬಿರುಕಿದೆ ಅಥವಾ ಅದರ ರಬ್ಬರಿನಂಥ ಸೀಲು ಕೆಟ್ಟಿದೆ ಎಂದರ್ಥ. ಕಾಗದ ಒಣಗಿಯೇ ಉಳಿದರೆ ದೋಷ ನಾವು ತುಂಬುವ, ಜೋಡಿಸುವ ಕ್ರಮದಲ್ಲಿರುವ ಸಂಭವ ಹೆಚ್ಚು.

ಸೀಲಿನ ಕೆಲಸ ಕುಕ್ಕರಿನ ಗ್ಯಾಸ್ಕೆಟ್ಟಿನಂತೆಯೇ. ಒಂದು ಅನ್ನದ ಅಗುಳು ಸಿಕ್ಕಿಕೊಂಡರೂ ಕುಕ್ಕರು ಹೇಗೆ ಆವಿ ಬಿಡುವುದೋ ಹಾಗೆ, ಸೀಲಿನಡಿ ಸಣ್ಣ ಕಸವಿದ್ದರೂ ನೀರು ಹೊರಬರುತ್ತದೆ. ಬೋರ್‌ವೆಲ್ ನೀರು ಬಳಸುವ ಬಡಾವಣೆಗಳ ಮನೆಗಳಲ್ಲಿ ಗೀಸರಿಗೆ ಕಟ್ಟುವ ಬಿಳಿಯ ಸುಣ್ಣದ ಪದರವೇ ಈ ಡಬ್ಬಿಗೂ ಕಟ್ಟುತ್ತದೆ. ಕುದಿಸಿ ಆರಿಸಿದರೆ ಕ್ರಿಮಿ ಸಾಯುತ್ತದೆಯೇ ಹೊರತು ಲವಣಗಳೆಲ್ಲ ಹೋಗುವುದಿಲ್ಲ. ಕುಡಿಯಲು ಯೋಗ್ಯವಾದ ಕಾವೇರಿ ನೀರಿನಲ್ಲಿಯೂ ಲವಣಾಂಶ ಇದ್ದೇ ಇರುತ್ತದೆ. ಆದ್ದರಿಂದ ಔಷಧಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಕೇಳಿ ತರುವುದು ಲೇಸು. ವಾಹನದ ಬ್ಯಾಟರಿಗೆಂದು ಮಾರುವ ನೀರು ಉಸಿರಾಟಕ್ಕೆಂದು ತಯಾರಾದುದಲ್ಲ, ಅದು ಬೇಡ. ಪದರ ಕಟ್ಟಿದ್ದರೆ ಒಂದು ಭಾಗ ಬಿಳಿ ವಿನೆಗರಿಗೆ ಒಂಬತ್ತು ಭಾಗ ನೀರು ಬೆರೆಸಿ ಕೆಲವು ನಿಮಿಷ ನೆನೆಸಿ, ಚೆನ್ನಾಗಿ ತೊಳೆಯಬೇಕು. ತೆಂಗಿನ ನಾರಿನಿಂದ ಉಜ್ಜುವುದು, ಪಿನ್ನಿನಿಂದ ಕೆರೆಯುವುದು ಸೀಲಿಗೆ ಹಾನಿಕರ. ನೆಗಡಿಯಾದಾಗ ಡಬ್ಬಿಗೆ ನೀಲಗಿರಿ ಎಣ್ಣೆ, ಕರ್ಪೂರ ಹಾಕುವುದಂತೂ ಸರ್ವಥಾ ಕೂಡದು. ಅದು ಪ್ಲಾಸ್ಟಿಕ್ಕನ್ನೂ ಕೆಡಿಸಬಲ್ಲದು, ಶ್ವಾಸಕೋಶವನ್ನೂ ಕೆರಳಿಸಬಲ್ಲದು. ಬಿರುಕು ಬಿಟ್ಟ ಡಬ್ಬಿಗೆ ಎಂ-ಸೀಲ್, ಫೆವಿಕ್ವಿಕ್ ಮೆತ್ತುವ ಜಾಣತನವೂ ಬೇಡ. ರಾತ್ರಿಯಿಡೀ ನಾವು ಉಸಿರಾಡುವುದು ಆ ಡಬ್ಬಿಯ ಗಾಳಿಯನ್ನೇ. ಹೊಸ ಡಬ್ಬಿಯನ್ನೇ ತರಬೇಕು.

ಇನ್ನು ತುಂಬುವ ಕ್ರಮ. ಡಬ್ಬಿಯಲ್ಲಿ ಗರಿಷ್ಠ ಮಟ್ಟದ ಗೆರೆ ಇರುತ್ತದೆ. ಬಳಕೆಯಲ್ಲಿರುವ ಒಂದು ಮಾದರಿಯಲ್ಲಿ ಆ ಗೆರೆಯವರೆಗೆ 380 ಮಿಲಿಲೀಟರ್ ಹಿಡಿಯುತ್ತದೆ. ಬೆಳಗಿನವರೆಗೂ ಸಾಲಲಿ ಎಂದು ಗೆರೆ ಮೀರಿ ತುಂಬಿದರೆ ನೀರು ಗಾಳಿಯ ದಾರಿಗೆ ನುಗ್ಗಿ ಯಂತ್ರದ ಮೋಟಾರಿಗೂ ಇಳಿಯಬಹುದು. ಡಬ್ಬಿಯನ್ನು ಹೊರಗೆ ತೆಗೆದೇ ತುಂಬಬೇಕು. ಮುಚ್ಚಳ ಸರಿಯಾಗಿ ಕೂರಿಸಿ, ಅಲುಗಾಡಿಸದೆ, ಟಕ್ಕೆಂದು ಸದ್ದಾಗುವವರೆಗೆ ಒಳಗೆ ತಳ್ಳಬೇಕು. ನೀರಿರುವಾಗ ಯಂತ್ರವನ್ನು ಓರೆ ಮಾಡುವುದಾಗಲಿ, ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯುವುದಾಗಲಿ ಸಲ್ಲದು. ಜಾತ್ರೆಗೋ ಮದುವೆಗೋ ಊರಿಗೆ ಹೊರಟಾಗ ಡಬ್ಬಿಯನ್ನು ಬರಿದುಮಾಡಿ ಒಣಗಿಸಿಯೇ ಚೀಲಕ್ಕೆ ಹಾಕಬೇಕು.

ಕೆಲವೊಮ್ಮೆ ಮೇಜು ಒಣಗಿದ್ದರೂ ಬೆಳಗಾಗುವಷ್ಟರಲ್ಲಿ ಡಬ್ಬಿ ಬರಿದಾಗಿರುತ್ತದೆ. ಇದು ನೀರಿನ ಸೋರಿಕೆಯಲ್ಲ, ಗಾಳಿಯ ಸೋರಿಕೆಯಿರಬಹುದು. ಮಾಸ್ಕು ಸಡಿಲವಾಗಿದ್ದರೆ ಅಥವಾ ನಿದ್ರೆಯಲ್ಲಿ ಬಾಯಿ ತೆರೆದುಕೊಂಡರೆ ಹೆಚ್ಚು ಗಾಳಿ ಹರಿದು ಹೆಚ್ಚು ನೀರು ಆವಿಯಾಗಿ ಹೋಗುತ್ತದೆ. ಮಾಸ್ಕಿನ ಅಳತೆಯನ್ನು ತಜ್ಞರಿಗೆ ತೋರಿಸಬೇಕು.

ನೀರೂ ವಿದ್ಯುತ್ತೂ ಒಂದೆಡೆ ಸೇರುವಲ್ಲಿ ಎಚ್ಚರ ಅಗತ್ಯ. ಎಕ್ಸ್‌ಟೆನ್ಷನ್ ಬೋರ್ಡನ್ನು ಯಂತ್ರದ ಕೆಳಗೆ ಇಡಬಾರದು. ಯಂತ್ರದೊಳಗೆ ನೀರು ಹೋಗಿದೆಯೆಂದು ತಿಳಿದರೆ ಒಣಗಿದ ಕೈಯಿಂದ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಡಬ್ಬಿಯನ್ನು ಹೊರತೆಗೆದು, ಯಂತ್ರವನ್ನು ಕೊಟ್ಟವರಿಗೆ ತೋರಿಸುವವರೆಗೆ ಚಾಲೂ ಮಾಡಬಾರದು. ಆ ದಿನಗಳಲ್ಲಿ ಚಿಕಿತ್ಸೆಗೆ ಏನು ಮಾಡಬೇಕೆಂದು ವೈದ್ಯರನ್ನು ಕೇಳಬೇಕು.

ಬೆಳಿಗ್ಗೆ ಎದ್ದು ಯಂತ್ರ ಆರಿಸಿದ ಮೇಲೆ ಬಿಸಿ ಫಲಕ ತಣ್ಣಗಾಗಲು ಹತ್ತು ನಿಮಿಷ ಬಿಡಿ. ಉಳಿದ ನೀರನ್ನು ಚೆಲ್ಲಿ, ಸೌಮ್ಯವಾದ ಸೋಪು ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ಡಬ್ಬಿಯನ್ನು ತೊಳೆದು, ನೆರಳಿನಲ್ಲಿ ಬೋರಲು ಹಾಕಿ. ಹಳೆಯ ನೀರಿನ ಮೇಲೆ ಹೊಸ ನೀರು ಸುರಿಯಬೇಡಿ. ಸ್ನಾನ ಪೂಜೆಗಳಿಗೆ ಮುನ್ನ ಐದು ನಿಮಿಷದಲ್ಲಿ ಮುಗಿಯುವ ಕೆಲಸವಿದು. ತೊಳೆಯುವಾಗಲೇ ಸೀಲು, ಬಿರುಕು, ಬಿಳಿ ಪದರಗಳ ಮೇಲೊಮ್ಮೆ ಕಣ್ಣಾಡಿಸಿದರೆ ಸೋರಿಕೆ ಆರಂಭವಾಗುವ ಮೊದಲೇ ತಿಳಿಯುತ್ತದೆ.

ವಯಸ್ಸಾದವರ ಕೈ ನಡುಗುತ್ತದೆ, ಗೆರೆ ಕಣ್ಣಿಗೆ ಕಾಣುವುದಿಲ್ಲ. ಅಂಥ ಮನೆಗಳಲ್ಲಿ ರಾತ್ರಿ ನೀರು ತುಂಬುವ ಹೊಣೆಯನ್ನು ಮಗನೋ ಸೊಸೆಯೋ ಮೊಮ್ಮಗಳೋ ವಹಿಸಿಕೊಳ್ಳಲಿ. ಹಿರಿಯರಿಗೆ ಯಂತ್ರವನ್ನು ಕೊಡಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯದು. ಅವರು ಅದನ್ನು ಬೇಸರಿಸದೆ ಪ್ರತಿ ರಾತ್ರಿ ಧರಿಸುವಂತೆ ನೋಡಿಕೊಂಡಾಗಲೇ ಕೊಡಿಸಿದುದು ಸಾರ್ಥಕ ಎಂಬುದು ನಮ್ಮ ಅಭಿಪ್ರಾಯ.