ಕಾರ್ಡು ಕಪಾಟಿನಲ್ಲಿದ್ದರೆ ಸಾಕೇ?

ಗುತ್ತಿಗಾರಿನ ಕಡೆ ಮಳೆಗಾಲವೆಂದರೆ ಅಡಿಕೆಗೆ ಮದ್ದು ಬಿಡುವ ಕಾಲ. ಜಾರುವ ಮರ ಹತ್ತಿದವರು ಸಂಜೆ ಮನೆಗೆ ಮರಳುವವರೆಗೆ ಮನೆಯವರಿಗೆ ಸಮಾಧಾನವಿಲ್ಲ. ಕೈತಪ್ಪಿ ಬಿದ್ದರೆ ಸುಳ್ಯ, ಪುತ್ತೂರು. ಅಲ್ಲಿ ಆಗದಿದ್ದರೆ ಮಂಗಳೂರು. ಹಳದಿ ಎಲೆ ರೋಗದಿಂದ ತೋಟವೇ ಸೊರಗಿದ ಮನೆಗಳಲ್ಲಿ ಆಸ್ಪತ್ರೆಯ ಬಿಲ್ಲು ಮೊದಲು ನುಂಗುವುದು ಮಕ್ಕಳ ಕಾಲೇಜು ಫೀಸನ್ನು. ಹಾಗಾಗಿ ಈ ವಾರದ ವಿಷಯ ಹೆತ್ತವರಿಗೆಷ್ಟೋ ವಿದ್ಯಾರ್ಥಿಗಳಿಗೂ ಅಷ್ಟೇ.

ಹಣವಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಭೋರ್ ಸಮಿತಿ ಹೇಳಿದ್ದು 1946ರಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆಯೂ ಆ ವರದಿಯದೇ. 2005ರ ಏಪ್ರಿಲ್ 12ರಂದು ಪ್ರಧಾನಿ ಮನಮೋಹನ ಸಿಂಗ್ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭಿಸಿದರು. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದದ್ದು ಅದರಿಂದ. 2018ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ ನರೇಂದ್ರ ಮೋದಿ ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆಯ ಯೋಜನೆಯನ್ನು ಸಾರಿ, ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಚಾಲನೆ ಕೊಟ್ಟರು. ಅದೇ ವರ್ಷ ನಮ್ಮ ರಾಜ್ಯದ ಯೋಜನೆಯೊಡನೆ ಸೇರಿ ಅದು ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ವಾಯಿತು.

ಕಾರ್ಡು ಮಾಡಿಸಿದವರು ಬಹಳ. ನಿಯಮ ತಿಳಿದವರು ಕಡಿಮೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಸೌಲಭ್ಯವಿದೆ. ಎಪಿಎಲ್ ಕುಟುಂಬಕ್ಕೆ ಸಿಗುವುದು ನಿಗದಿತ ವೆಚ್ಚದ ಶೇ. 30 ಮಾತ್ರ, ವರ್ಷಕ್ಕೆ 1.5 ಲಕ್ಷ ರೂ. ಮೀರದಂತೆ. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಕೊಡುವ ಪತ್ರ ಹಿಡಿದು ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಮರದಿಂದ ಬಿದ್ದಂಥ ತುರ್ತು ಸಂದರ್ಭದಲ್ಲಿ ಪತ್ರಕ್ಕಾಗಿ ಕಾಯಬೇಕಿಲ್ಲ. ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರವಾಗಿ ಸೇರಿಸಬಹುದು. ಆದರೆ ಜ್ವರಕ್ಕೆ ಖಾಸಗಿ ಡಾಕ್ಟರಲ್ಲಿಗೆ ಹೋಗಿ ಔಷಧಿ ಬರೆಸಿಕೊಂಡು ಬಂದ ಖರ್ಚು ಇದರಲ್ಲಿ ಸೇರದು.

ಇನ್ನೊಂದು ಮಾತು. ಆಯುಷ್ಮಾನ್ ಭಾರತಕ್ಕೆ ಎರಡು ಕೈಗಳು. ಒಂದು ಕಾರ್ಡು. ಇನ್ನೊಂದು, ದೇಶದ 1.5 ಲಕ್ಷ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಬಲಪಡಿಸಿ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹಳ್ಳಿಯಲ್ಲೇ ಪತ್ತೆ ಹಚ್ಚುವ ಕೆಲಸ. ಪ್ರಚಾರವೆಲ್ಲ ಮೊದಲನೆಯದಕ್ಕೆ. ಕಾಯಿಲೆ ಬಲಿತ ಮೇಲೆ ಬಿಲ್ಲು ಕಟ್ಟುವುದು ಕಾರ್ಡು. ಬಲಿಯದಂತೆ ನೋಡಿಕೊಳ್ಳುವುದು ಊರಿನ ಆರೋಗ್ಯ ಕೇಂದ್ರ. ಅಲ್ಲಿ ವೈದ್ಯರಿದ್ದಾರೆಯೇ, ಔಷಧಿ ಇದೆಯೇ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವವರು ಬೇಕು.

ನಮ್ಮ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗಕ್ಕೆ ಮದ್ದು ಬಿಡುವುದು ಕಾಯಿ ಉದುರಿದ ಮೇಲಲ್ಲ, ಮಳೆ ಹಿಡಿಯುವ ಮೊದಲು.

ವಿದ್ಯಾರ್ಥಿ ಮಿತ್ರರೇ, ಇಂದು ಭಾನುವಾರ. ಕಪಾಟಿನಿಂದ ರೇಷನ್ ಕಾರ್ಡು ತೆಗೆಯಿರಿ. ಮನೆಯ ಎಲ್ಲರ ಹೆಸರು ಅದರಲ್ಲಿದೆಯೇ, ಆಧಾರ್‌ನಲ್ಲಿರುವ ಹೆಸರಿಗೆ ತಾಳೆಯಾಗುತ್ತದೆಯೇ ನೋಡಿ. ಹತ್ತಿರದ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ, ಬರೆದು ಗೋಡೆಗೆ ಅಂಟಿಸಿ. ಅಜ್ಜ ಅಜ್ಜಿಗೆ ಬಿ.ಪಿ. ನೋಡಿಸಿ ಎಷ್ಟು ಸಮಯವಾಯಿತೆಂದೂ ಕೇಳಿ. ಅರ್ಧ ಗಂಟೆಯ ಕೆಲಸ. ಮುಂದೊಂದು ದಿನ ಉಳಿಯುವುದು ನಿಮ್ಮದೇ ಫೀಸು ಇರಬಹುದು.